ಮುಳ್ಳು ಮೇಲೋ, ಅಂಕಿ ಮೇಲೋ?

2022ರ ಜುಲೈ ತಿಂಗಳಲ್ಲಿ ಆಡಿಯೋ ಪ್ರಿಯರಿಗೆ ದೊಡ್ಡ ಮುಖಭಂಗವಾಯಿತು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಗೆ ಹಳೆಯ ಆಲ್ಬಂಗಳನ್ನು ಮೂಲ ಟೇಪಿನಿಂದ ನೇರವಾಗಿ ಎಲ್‌ಪಿಗೆ, ಅಂದರೆ ಮುಳ್ಳಿಟ್ಟು ಕೇಳುವ ತಟ್ಟೆಗೆ, ಇಳಿಸುವವರೆಂಬ ಹೆಸರಿತ್ತು. ವಿಶೇಷ ಆವೃತ್ತಿಯೊಂದಕ್ಕೆ ಆಗ 125 ಡಾಲರ್ ಬೆಲೆಯಿತ್ತು. ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಆಲ್ಬಮ್ಮಿನ 40,000 ಪ್ರತಿ ತರುತ್ತೇವೆ ಎಂದು ಅದು ಸಾರಿದಾಗ ಲೆಕ್ಕ ಬಲ್ಲವರಿಗೆ ಅನುಮಾನ ಹುಟ್ಟಿತು. ಅಷ್ಟು ಪ್ರತಿಗಳಿಗಾಗಿ ಆ ಅಮೂಲ್ಯ ಟೇಪನ್ನು ಎಷ್ಟು ಸಲ ಓಡಿಸುತ್ತಾರೆ? ಫೀನಿಕ್ಸ್ ನಗರದ ರೆಕಾರ್ಡ್ ಅಂಗಡಿಯವರೊಬ್ಬರು ಕೆದಕಿ ಕೇಳಿದರು. 2011ರಿಂದಲೂ ಅನೇಕ ತಟ್ಟೆಗಳ ತಯಾರಿಯಲ್ಲಿ ಧ್ವನಿಯನ್ನು ಅಂಕಿಯಾಗಿಸುವ ಡಿಜಿಟಲ್ ಹಂತವೊಂದು ಇತ್ತೆಂದು ಎಂಜಿನಿಯರುಗಳು ಒಪ್ಪಿಕೊಂಡರು. ಅಪ್ಪಟ ಅನಲಾಗ್, ಅಂಕಿ ಸೋಕದ ದನಿ ಎಂದು ಅಷ್ಟು ವರ್ಷ ತಲೆದೂಗಿದ ಕಿವಿಗಳಿಗೆ ಅದರ ಸುಳಿವೇ ಸಿಕ್ಕಿರಲಿಲ್ಲ.

ಎಲ್‌ಪಿ ಮೇಲೋ, ಸಿಡಿ ಮೇಲೋ ಎಂಬ ಈ ಜಗಳ ಶುರುವಾದದ್ದು 1982ರ ಅಕ್ಟೋಬರಿನಲ್ಲಿ, ಸೋನಿ ತನ್ನ ಮೊದಲ ಸಿಡಿ ಪ್ಲೇಯರನ್ನು ಜಪಾನಿನ ಮಾರುಕಟ್ಟೆಗೆ ಬಿಟ್ಟಾಗ. ಸಿಡಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಹಾಗಾದರೆ ಅಳತೆಗಳ ನಡುವಿನ ಸಂಗೀತ ಸೋರಿಹೋಗುವುದಿಲ್ಲವೇ, ನುಣುಪಾದ ಅಲೆ ಮೆಟ್ಟಿಲಾಗುವುದಿಲ್ಲವೇ ಎಂಬುದು ಅಂದಿನಿಂದ ಇಂದಿನವರೆಗಿನ ಆಕ್ಷೇಪ. ಕೇಳಲು ಸರಿಯೆನಿಸುತ್ತದೆ, ಆದರೆ ತಪ್ಪು. ಚುಕ್ಕಿ ರಂಗೋಲಿಯನ್ನು ನೆನೆಯಿರಿ: ನಿಯಮ ಗೊತ್ತಿದ್ದರೆ ಚುಕ್ಕಿಗಳ ನಡುವೆ ಬಳುಕುವ ಗೆರೆ ಒಂದೇ. ಕಿವಿಗೆ ಕೇಳುವ ಗರಿಷ್ಠ ಕಂಪನ ಸೆಕೆಂಡಿಗೆ ಸುಮಾರು 20,000. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಮೂಲ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದೆಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲೇ ತೋರಿಸಿದ್ದ.

ಹಾಗೆಂದು ಎಲ್‌ಪಿಯವರು ಬರೀ ಭ್ರಮೆಯಲ್ಲಿದ್ದಾರೆ ಎನ್ನಲಾರೆ. ಎಲ್‌ಪಿಗೆಂದು ಹದಗೊಳಿಸಿದ್ದ ಟೇಪುಗಳನ್ನೇ ಇಳಿಸಿದ ಕೆಲವು ಆರಂಭದ ಸಿಡಿಗಳು ನಿಜಕ್ಕೂ ಕರ್ಕಶವಾಗಿದ್ದವು. 1990ರ ದಶಕದಲ್ಲಿ ಹಾಡುಗಳನ್ನು ಹಿಂಡಿ ಜೋರು ಮಾಡುವ ಪೈಪೋಟಿ ಬಂತು. ಒಂದೇ ಆಲ್ಬಮ್ಮಿನ ಎಲ್‌ಪಿ ಹಿತವಾಗಿ ಕೇಳಿದರೆ ಅದು ಮುಳ್ಳಿನ ಮಹಿಮೆಯಲ್ಲ, ಸ್ಟುಡಿಯೋದಲ್ಲಿ ಕುಳಿತವನ ಕೈಗುಣ.

ಹೆಡ್‌ಫೋನಿಗೆ ಆಂಪ್ಲಿಫೈಯರ್, ಅಂದರೆ ದನಿಗೆ ಬಲ ತುಂಬುವ ಪೆಟ್ಟಿಗೆ, ಬೇಕೇ ಎಂಬ ವಾದವೂ ಇದೇ ಜಾಡಿನದು. 300 ಓಮ್‌ನಷ್ಟು ಹೆಚ್ಚು ವಿದ್ಯುತ್ ತಡೆಯುಳ್ಳ ಹೆಡ್‌ಫೋನಿಗೆ ಫೋನಿನ ವೋಲ್ಟೇಜು ಎಷ್ಟೋ ಸಲ ಸಾಲದು. ಅಲ್ಲಿ ಆಂಪ್ಲಿಫೈಯರ್ ಬೇಕೇ ಬೇಕು. ಅದಕ್ಕೆ ಸಾವಿರಾರು ಡಾಲರ್ ಸುರಿಯಬೇಕೇ ಎಂಬುದು ಬೇರೆ ಮಾತು. ಗಾಜಿನ ಕೊಳವೆಗಳಿರುವ ಹಳೆಯ ಬಗೆಯ ವಾಲ್ವ್ ಆಂಪ್ಲಿಫೈಯರಿನ ‘ಬೆಚ್ಚಗಿನ’ ದನಿಯಲ್ಲಿ ಅದು ತಾನೇ ಬೆರೆಸಿದ ವಿರೂಪದ ಪಾಲೂ ಇರುತ್ತದೆ. ಹಿತವಾಗಿದ್ದರೆ ಕೇಳಲಿ, ಶುದ್ಧ ಎನ್ನುವುದು ಬೇಡ. ಇನ್ನು ಎರಡು ಪೆಟ್ಟಿಗೆಗಳ ದನಿಯ ಜೋರನ್ನು ಮೀಟರ್ ಹಿಡಿದು ಸಮ ಮಾಡದೆ ಹೋಲಿಸಿದರೆ, ತುಸು ಜೋರಾದದ್ದೇ ಚೆಂದ ಕೇಳುತ್ತದೆ.

2011ರಲ್ಲಿ ಎನ್‌ಡಬ್ಲ್ಯೂಎವಿಗೈ ಎಂಬ ಗುಪ್ತನಾಮದವನೊಬ್ಬ ಓ2 ಎಂಬ ಆಂಪ್ಲಿಫೈಯರಿನ ನಕ್ಷೆಯನ್ನು ಪುಕ್ಕಟೆಯಾಗಿ ಹಂಚಿದ. ಎರಡು 9 ವೋಲ್ಟ್ ಬ್ಯಾಟರಿ, ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳು, ಜೊತೆಗೆ ಪುಟಗಟ್ಟಲೆ ಅಳತೆಗಳು. ದುಬಾರಿ ಪೆಟ್ಟಿಗೆಯವರು ಕೆರಳಿದರು, ಬೆಸುಗೆ ಹಾಕಲು ಬಲ್ಲವರು ಮನೆಯಲ್ಲೇ ಕಟ್ಟಿಕೊಂಡರು. 2012ರಲ್ಲಿ ಆತ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಆತ ಯಾರೆಂಬುದು ಈಗ ಇನ್ನೊಂದು ಜಗಳ.