ಹಳೇ ರೀಲಿನ ಉಪ್ಪು ತೆಗೆಯಬೇಕು ಸರಿ, ವಯಸ್ಸನ್ನೂ ತೆಗೆಯಬೇಕಾ?

1915ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ತಯಾರಾದ ಒಂದು ಕಡಲ ರೀಲು ಕೈಗೆ ಸಿಕ್ಕಿತು ಅಂದುಕೊಳ್ಳಿ. ದೊಡ್ಡ ಮೀನು ಹಿಡಿಯುವವರು ಗಾಳದ ಕೋಲಿಗೆ ಬಿಗಿದುಕೊಳ್ಳುತ್ತಾರಲ್ಲ, ದಾರ ಸುತ್ತುವ ಆ ಯಂತ್ರ. ಒಬ್ಬರು ಅದನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡುತ್ತಾರೆ. ಇನ್ನೊಬ್ಬರು ಅದನ್ನು ನೋಡಿ, "ಕೆಡಿಸಿಬಿಟ್ಟಿರಲ್ಲ" ಅಂತ ಸಂಕಟಪಡುತ್ತಾರೆ. ಮೂರನೆಯವರಿಗೆ ಹೊಳಪಿನ ಚಿಂತೆಯೇ ಇಲ್ಲ, ಅದನ್ನು ಮತ್ತೆ ದೋಣಿಗೆ ಒಯ್ಯಬೇಕು ಅಷ್ಟೇ. ಮೂವರೂ ತಮ್ಮ ಕೆಲಸಕ್ಕೆ ಇಟ್ಟುಕೊಂಡಿರುವ ಹೆಸರು ಒಂದೇ: ರೆಸ್ಟೋರೇಶನ್. ನಮ್ಮಲ್ಲಿ ಜೀರ್ಣೋದ್ಧಾರ ಅನ್ನುವ ಹಾಗೆ. ಗುಡಿಯ ಸೋರುವ ಮಾಡು ಸರಿಮಾಡಿದರೂ ಜೀರ್ಣೋದ್ಧಾರ, ಕಲ್ಲಿನ ಕಂಬಕ್ಕೆ ಎನಾಮಲ್ ಪೇಂಟ್ ಬಳಿದರೂ ಜೀರ್ಣೋದ್ಧಾರ.

ಈ ಗೊಂದಲ ಒಂದೇ ದಿನಕ್ಕೆ ಹುಟ್ಟಿದ್ದಲ್ಲ.

ಅಮೆರಿಕದಲ್ಲಿ ರೀಲು ಮೊದಲು ಗಡಿಯಾರದವರ ಕೆಲಸವಾಗಿತ್ತು. ಕೆಂಟಕಿಯ ಪ್ಯಾರಿಸ್ ಎಂಬ ಊರಿನ ಜಾರ್ಜ್ ಸ್ನೈಡರ್, 1820ರ ಸುಮಾರಿಗೆ, ಹಿಡಿಕೆ ಒಂದು ಸುತ್ತು ತಿರುಗಿದರೆ ಸ್ಪೂಲ್, ಅಂದರೆ ದಾರ ಸುತ್ತಿಕೊಳ್ಳುವ ಉರುಳೆ, ಹಲವು ಸುತ್ತು ತಿರುಗುವ ರೀಲು ಮಾಡಿದರು. ಅವರ ಕಸುಬೇ ಗಡಿಯಾರ. ಕೈಗಡಿಯಾರ ಬಿಚ್ಚಿ ಸರಿಮಾಡುವವನು ರೀಲನ್ನೂ ಬಿಚ್ಚಿ ಸರಿಮಾಡುತ್ತಿದ್ದ. ಅದಕ್ಕೆ ಬೇರೆ ಹೆಸರು ಬೇಕಿರಲಿಲ್ಲ, ಅದು ರಿಪೇರಿ.

ಆಮೇಲೆ ಮೀನು ದೊಡ್ಡದಾಯಿತು. 1898ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದ ಹತ್ತಿರ 183 ಪೌಂಡಿನ ಟ್ಯೂನಾ ಹಿಡಿದರು. ಅದೇ ವರ್ಷ ಅಲ್ಲಿನ ಅವಲಾನ್‌ನಲ್ಲಿ ಟ್ಯೂನಾ ಕ್ಲಬ್ ಶುರುವಾಯಿತು. ಆ ಕಾಲದ ರೀಲಿನಲ್ಲಿ ಹಿಡಿಕೆ ಸ್ಪೂಲಿನ ಜೊತೆಗೇ ತಿರುಗುತ್ತಿತ್ತು. ಮೀನು ದಾರ ಎಳೆದುಕೊಂಡು ಓಡಿದರೆ ಹಿಡಿಕೆ ಗಿರಗಿರನೆ ಹಿಂದಕ್ಕೆ ತಿರುಗಿ ಬೆರಳ ಗೆಣ್ಣಿಗೆ ಬಡಿಯುತ್ತಿತ್ತು. ಬ್ರೇಕ್ ಅಂದರೆ ಒಂದು ತೊಗಲಿನ ಪಟ್ಟಿ, ಅದನ್ನು ಹೆಬ್ಬೆರಳಿನಿಂದ ದಾರದ ಮೇಲೆ ಒತ್ತಿ ಹಿಡಿಯಬೇಕು. 1913ರಲ್ಲಿ ವಿಲಿಯಂ ಬಾಶೆನ್ ಅದೇ ಕ್ಯಾಟಲಿನಾದಲ್ಲಿ 355 ಪೌಂಡಿನ ಕತ್ತಿಮೀನು ಎಳೆದು ತಂದಾಗ ಅವರ ರೀಲಿನೊಳಗೆ ಹೊಸದೊಂದು ವ್ಯವಸ್ಥೆ ಇತ್ತು. ಹಿಡಿಕೆಯ ಬುಡದಲ್ಲಿ ನಕ್ಷತ್ರದಾಕಾರದ ಒಂದು ಚಕ್ರ. ಅದನ್ನು ಬಿಗಿದರೆ ಒಳಗಿನ ವಾಷರ್‌ಗಳು ಒಂದಕ್ಕೊಂದು ಒತ್ತಿಕೊಂಡು ಸ್ಪೂಲನ್ನು ತಡೆದು ನಿಧಾನಕ್ಕೆ ಬಿಡುತ್ತವೆ. ಹಿಡಿಕೆ ಹಿಂದಕ್ಕೆ ತಿರುಗುವುದಿಲ್ಲ. ಇದೇ ಸ್ಟಾರ್ ಡ್ರ್ಯಾಗ್. ಇವತ್ತಿಗೂ ಹಳೇ ರೀಲು ಬಿಚ್ಚಿದವರು ಮೊದಲು ನೋಡುವುದು ಆ ವಾಷರ್‌ಗಳನ್ನೇ.

ನ್ಯೂಯಾರ್ಕಿನ ಎಡ್ವರ್ಡ್ ವಾಮ್ ಹೋಫ್ ರೀಲುಗಳು ಇದೇ ಕಾಲದವು. ಪಕ್ಕದ ತಟ್ಟೆಗಳು ಕಪ್ಪು ಎಬೊನೈಟ್, ಅಂದರೆ ಗಟ್ಟಿ ರಬ್ಬರ್, ಸುತ್ತ ಜರ್ಮನ್ ಸಿಲ್ವರ್ ಉಂಗುರ. ಹೆಸರಲ್ಲಿ ಬೆಳ್ಳಿ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ, ಇರುವುದು ತಾಮ್ರ, ಸತು, ನಿಕಲ್. ಇಂಥ ಕೈಕೆಲಸದ ರೀಲುಗಳಲ್ಲಿ ಒಂದೊಂದು ಸ್ಕ್ರೂವನ್ನೂ ಅದರ ತೂತಿಗೇ ಕೂರಿಸಿರುತ್ತಾರೆ. ಪಕ್ಕದ ತೂತಿಗೆ ಹಾಕಿದರೆ ತಲೆ ಸಮ ಕೂರುವುದಿಲ್ಲ. ಅದಕ್ಕೇ ಕೆಲಸ ಗೊತ್ತಿದ್ದವರು ರಟ್ಟಿನ ಮೇಲೆ ರೀಲಿನ ಚಿತ್ರ ಬರೆದು, ತೂತು ಮಾಡಿ, ಬಿಚ್ಚಿದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಚುಚ್ಚಿಡುತ್ತಾರೆ.

ಇನ್ನು ನನಗೆ ಚೆನ್ನಾಗಿ ಗೊತ್ತಿರುವ, ತುಂಬ ಪ್ರೀತಿಯ ಕಾಲಕ್ಕೆ ಬರುತ್ತೇನೆ.

1932ರಲ್ಲಿ, ಕೆಲಸವಿಲ್ಲದೆ ಜನ ಒದ್ದಾಡುತ್ತಿದ್ದ ದಿನಗಳಲ್ಲಿ, ಜರ್ಮನಿಯಿಂದ ಬಂದಿದ್ದ ಒಟ್ಟೋ ಹೆಂಜೆ ಫಿಲಡೆಲ್ಫಿಯಾದಲ್ಲಿ ಪೆನ್ ಕಂಪನಿ ಶುರುಮಾಡಿದರು. 1936ರಲ್ಲಿ ಅವರ ಸೆನೇಟರ್ ರೀಲು ಬಂತು. ಎಬೊನೈಟ್ ಜಾಗಕ್ಕೆ ಬೇಕಲೈಟ್. ನಮ್ಮ ಹಳೇ ಮನೆಗಳ ಕಪ್ಪು ಸ್ವಿಚ್ಚುಗಳಿದ್ದವಲ್ಲ, ಅದೇ ವಸ್ತು. ಹಿಂದೆ ಸಿರಿವಂತರು ಮಾತ್ರ ಕೊಳ್ಳುತ್ತಿದ್ದ ಕಡಲ ರೀಲು ದುಡಿಯುವ ಮನುಷ್ಯನ ಕೈಗೂ ಬಂತು. ಅದಕ್ಕಿಂತ ಮುಖ್ಯವಾದದ್ದು ಬಿಡಿಭಾಗ. ಪ್ರತಿ ಭಾಗಕ್ಕೂ ಒಂದು ನಂಬರು. 5 ಅಂದರೆ ದೊಡ್ಡ ಗೇರ್, 6 ಡ್ರ್ಯಾಗ್ ವಾಷರ್, 13 ಪಿನಿಯನ್ ಅನ್ನುವ ಚಿಕ್ಕ ಗೇರ್, 29 ಸ್ಪೂಲ್. ಗೇರ್ ಹಲ್ಲು ಸವೆದರೆ ಅಂಗಡಿಗೆ ಹೋಗಿ ನಂಬರ್ ಹೇಳಿದರೆ ಸಾಕು. ಮನೆಗೆ ತಂದು ಒಂದು ಸ್ಕ್ರೂಡ್ರೈವರ್ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ಅಪ್ಪನ ರೀಲು ಮಗನಿಗೆ, ಮಗನದು ಮೊಮ್ಮಗನಿಗೆ ಬಂದದ್ದು ಹೀಗೆ. ನಾನು ನ್ಯೂಜೆರ್ಸಿಯಲ್ಲಿ ಮೊದಲು ಬಿಚ್ಚಿದ್ದೂ ಒಂದು ಸೆನೇಟರನ್ನೇ. ಒಳಗಿನ ಗ್ರೀಸ್ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಾಗಿತ್ತು. ಅದನ್ನು ಒರೆಸಿ ಹೊಸ ವಾಷರ್ ಹಾಕಿ ಹಿಡಿಕೆ ತಿರುಗಿಸಿದಾಗ ಕೇಳಿದ ಆ ನಯವಾದ ಸದ್ದು ಇನ್ನೂ ಕಿವಿಯಲ್ಲಿದೆ.

ಆಗಲೂ ಯಾರೂ ಹೊಳಪಿನ ಮಾತಾಡುತ್ತಿರಲಿಲ್ಲ. ರೀಲು ಕೆಲಸ ಮಾಡಬೇಕು, ಅಷ್ಟೇ.

ಕಥೆ ತಿರುಗಿದ್ದು ದಾರದಿಂದ. ಹಳೇ ರೀಲುಗಳ ದಾರ ಅಗಸೆ ನಾರಿನದು, ಲಿನನ್. ಒಂದೊಂದು ಎಳೆಗೆ ಮೂರು ಪೌಂಡ್ ತಾಕತ್ತು ಅಂತ ಲೆಕ್ಕ. 24 ಎಳೆಯ ದಾರಕ್ಕೆ 72 ಪೌಂಡ್. ಪ್ರತಿ ಸಲ ಕಡಲಿಂದ ಬಂದ ಮೇಲೆ ಬಿಚ್ಚಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. 1938ರಲ್ಲಿ ನೈಲಾನ್ ಬಂತು. ಬರಬರುತ್ತಾ ನೈಲಾನಿನ ಒಂಟಿ ಎಳೆಯ ದಾರ ಹೆಚ್ಚಿನವರ ರೀಲಿಗೆ ಏರಿತು. ಅದು ಕೊಳೆಯುವುದಿಲ್ಲ ನಿಜ, ಆದರೆ ಎಳೆದರೆ ಹಿಗ್ಗುತ್ತದೆ. ಹಿಗ್ಗಿದ ದಾರವನ್ನು ಬಿಗಿಯಾಗಿ ಸುತ್ತಿಟ್ಟರೆ ಅದು ಮತ್ತೆ ಕುಗ್ಗಲು ನೋಡುತ್ತದೆ. ನೂರಾರು ಸುತ್ತು ಸೇರಿ ಒತ್ತಿದಾಗ ಬೇಕಲೈಟಿನ ಸ್ಪೂಲ್ ಪಟ್ ಅಂತ ಸೀಳುತ್ತಿತ್ತು. ಎಬೊನೈಟ್ ತಟ್ಟೆಯ ಹಳೇ ರೀಲುಗಳಂತೂ ಈ ಒತ್ತಡಕ್ಕೆ ಮಾಡಿದವೇ ಅಲ್ಲ. ಹೀಗೆ ಅವು ದೋಣಿಯಿಂದ ಅಟ್ಟಕ್ಕೆ ಹೋದವು.

ಅಟ್ಟದಿಂದ ಇಳಿದದ್ದು ಸಂಗ್ರಹಕಾರರ ಕೈಗೆ. ಹಳೇ ರೀಲುಗಳ ಸಂಗ್ರಹಕಾರರ ಸಂಘವೂ ಹುಟ್ಟಿತು, ಬೆಲೆ ಏರಿತು. ಬೆಲೆ ಏರಿದ ಮೇಲೆ ನೋಟ ಮುಖ್ಯವಾಯಿತು. ಮೂರು ಮುರಿದ ರೀಲು ಸೇರಿಸಿ ಒಂದು ಚಂದದ ರೀಲು ಮಾಡುವುದು, ತಿರುಗುವ ಬಟ್ಟೆ ಚಕ್ರಕ್ಕೆ ಹಿಡಿದು ಪಾಲಿಶ್ ಮಾಡುವುದು, ಕ್ರೋಮ್ ಸುಲಿದು ಹೊಸದಾಗಿ ಹಾಕಿಸುವುದು ಜಾಸ್ತಿಯಾಯಿತು. ಮಾಡಿದವರೆಲ್ಲ ಪ್ರೀತಿಯಿಂದಲೇ ಮಾಡಿದರು. ಆದರೆ ಆ ಚಕ್ರಕ್ಕೆ ಅಕ್ಷರದ ಅಂಚು ಯಾವುದು, ಕೊಳೆ ಯಾವುದು ಅಂತ ತಿಳಿಯುವುದಿಲ್ಲ. ವಾಮ್ ಹೋಫ್ ರೀಲಿನ ಮೇಲೆ ಒತ್ತಿರುವ 1896, 1902ರ ಪೇಟೆಂಟ್ ತಾರೀಖುಗಳು ಒಮ್ಮೆ ಸವೆದರೆ ಸವೆದವೇ.

ಇಲ್ಲಿ ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಉಪ್ಪು ರೀಲಿಗೆ ಶತ್ರು, ಅದರಲ್ಲಿ ಅನುಮಾನವಿಲ್ಲ. ಹಿತ್ತಾಳೆ, ಉಕ್ಕು, ಅಲ್ಯೂಮಿನಿಯಂ ಪಕ್ಕಪಕ್ಕ ಇದ್ದು ನಡುವೆ ಉಪ್ಪುನೀರು ಸೇರಿದರೆ ಅದೇ ಒಂದು ಪುಟ್ಟ ಬ್ಯಾಟರಿ. ಒಂದು ಲೋಹ ಇನ್ನೊಂದಕ್ಕಾಗಿ ಕರಗುತ್ತಾ ಹೋಗುತ್ತದೆ. ಕ್ರೋಮ್ ಅಡಿಯಲ್ಲಿ ಹಸಿರು ಕಿಲುಬು ಉಬ್ಬುತ್ತದೆ. ಇದನ್ನು ನಿಲ್ಲಿಸಲೇಬೇಕು. ಆದರೆ ಜರ್ಮನ್ ಸಿಲ್ವರ್ ಮೇಲೆ ನೂರು ವರ್ಷದಲ್ಲಿ ಕೂತ ಮಂಕು ಬಣ್ಣ ಏನನ್ನೂ ತಿನ್ನುತ್ತಿಲ್ಲ. ಅದು ಬರೀ ವಯಸ್ಸು.

ಕಿಲುಬು ತೆಗೆಯಲು ಅಲ್ಲಿನವರು ವಿನಿಗರ್ ಬಳಸುತ್ತಾರೆ, ನಾವು ಹುಣಸೆಹಣ್ಣು ಬಳಸುವ ಹಾಗೆ. ಹುಳಿ ಹಚ್ಚಿ ತೊಳೆಯದೆ ಬಿಟ್ಟ ಬಿಂದಿಗೆಯಲ್ಲಿ ಕೆಂಪು ಕಲೆ ಏಳುತ್ತದಲ್ವಾ? ಹಿತ್ತಾಳೆಯ ಸತು ಕರಗಿ ತಾಮ್ರ ಮೇಲೆ ಬಂದದ್ದು ಅದು. ರಾತ್ರಿಯಿಡೀ ವಿನಿಗರ್‌ನಲ್ಲಿ ನೆನೆಸಿದ ರೀಲಿಗೂ ಅದೇ ಗತಿ. ಕೆಲವು ನಿಮಿಷ, ಮೆತ್ತಗಿನ ಬ್ರಷ್, ಆಮೇಲೆ ಒಳ್ಳೇ ನೀರು, ಪೂರ್ತಿ ಒಣಗಿಸುವುದು. ಅಷ್ಟು ಸಾಕು.

ಎಬೊನೈಟ್ ಇನ್ನೂ ಸೂಕ್ಷ್ಮ. ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಬೇಯಿಸಿದ್ದು ಅದು. ಬಿಸಿಲು ಬಿದ್ದರೆ ಮೇಲ್ಪದರ ಕಂದಾಗುತ್ತದೆ. ಬಿಸಿನೀರು ಬಿದ್ದರಂತೂ ಕಣ್ಣೆದುರೇ ಬಣ್ಣ ಬಿಡುತ್ತದೆ. ಎಬೊನೈಟ್ ಇಂಕ್ ಪೆನ್ನು ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ, ನನಗೆ ಆಗ ಗೊತ್ತಿರಲಿಲ್ಲ. ಒಬ್ಬ ಹಿರಿಯರು ನಂಬಿ ಕೊಟ್ಟ ರೀಲಿನ ತಟ್ಟೆಯನ್ನು ಸೋಪಿನ ಬಿಸಿನೀರಲ್ಲಿ ಹತ್ತು ನಿಮಿಷ ಇಟ್ಟೆ. ಕಪ್ಪಗಿದ್ದದ್ದು ಹೊರಗೆ ಬಂದಾಗ ಹಸಿರು ಬೆರೆತ ಕಂದು. ಅವರು ಬೈಯಲಿಲ್ಲ. ತಟ್ಟೆಯನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಸವರುತ್ತಾ ಸುಮ್ನೆ ಕೂತರು. ಅವತ್ತಿನಿಂದ ನನ್ನ ಮೇಜಿನ ಮೇಲೆ ಬಿಸಿನೀರು ಬಂದಿಲ್ಲ.

ಈಚೆಗೆ ವಾದ ಇನ್ನೊಂದು ಕಡೆ ತಿರುಗಿದೆ. ಹಳೇ ರೀಲಿಗೆ ಕಾರ್ಬನ್ ಫೈಬರ್ ವಾಷರ್ ಹಾಕಿ ಮತ್ತೆ ಕಡಲಿಗೆ ಒಯ್ಯಬಹುದಾ? ಹೊಸದಾಗಿ ಕೊರೆಸಿದ ಗೇರ್ ಹಾಕಿದರೆ ಅದು ಹಳೇ ರೀಲೇ ಹೌದಾ? ನನಗನ್ನಿಸುವುದು, ನಾಳೆ ಇನ್ನೊಬ್ಬರು ಬಿಚ್ಚಿ ಮೊದಲಿನಂತೆ ಮಾಡಬಹುದಾದ ಕೆಲಸದಿಂದ ತೊಂದರೆಯಿಲ್ಲ. ವಾಷರ್ ಹಾಗೆ, ಗೇರ್ ಹಾಗೆ. ಕೆಲವು ಹಳೇ ವಾಷರ್‌ಗಳಲ್ಲಿ ಉಸಿರಿಗೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ನಾರು ಇರಬಹುದಾದ್ದರಿಂದ ಅವನ್ನು ಉಜ್ಜಿ ಪುಡಿ ಏಳಿಸದೆ ಬದಲಾಯಿಸುವುದೇ ಕ್ಷೇಮ. ಆದರೆ ಉಜ್ಜಿ ಕಳೆದ ಲೋಹವನ್ನು ಯಾರೂ ವಾಪಸು ಹಾಕಲಾರರು.

ಸ್ಕ್ರೂ ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯುತ್ತೇನೆ. ಅದರ ಸೀಳಿಗೆ ಸರಿಯಾಗಿ ಕೂರುವ ಹಾಗೆ ಸ್ಕ್ರೂಡ್ರೈವರಿನ ತುದಿ ಅರ ಹಾಕಿ ತೆಳು ಮಾಡಿಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ತೆಗೆದ ಹಳೇ ತೊಗಲಿನ ವಾಷರ್, ಸವೆದ ಗೇರ್, ತಲೆ ಹರಿದ ಸ್ಕ್ರೂ ಎಲ್ಲವನ್ನೂ ಒಂದು ಚಿಕ್ಕ ಕವರಿಗೆ ಹಾಕಿ, ಏನೇನು ಬದಲಾಯಿಸಿದೆ ಅಂತ ಚೀಟಿ ಬರೆದು, ರೀಲಿನ ಜೊತೆಗೇ ಕೊಡುತ್ತೇನೆ.