ನೀರನ್ನು ವಾಪಸ್ ಡ್ಯಾಮಿಗೆ ಹತ್ತಿಸುವ ಪಂಪು

ಕಾರಟಗಿ ಹತ್ತಿರ ಕಾಲುವೆ ಏರಿ ಮೇಲೆ ಬರುವಾಗ ಬೈಕಿಗೆ ನಾಯಿ ಅಡ್ಡ ಬಂತು. ಬೀಳಲಿಲ್ಲ, ಆದರೆ ಎದೆ ಡವಡವ. ಅತ್ತೆ ಮನೆ ಮುಟ್ಟಿ ಕುತ್ತಿಗೆಗೆ ಬೆರಳಿಟ್ಟು ಎಣಿಸಿದೆ: ನಿಮಿಷಕ್ಕೆ 120. "ಕಾಲುವಿ ಗಾಳಿ ಬಡದೈತಿ ನಿನಗ" ಎನ್ನುತ್ತಾ ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದೇ ಬಿಟ್ಟರು.

ಗಾಳಿ ಸುಳ್ಳು, 120 ನಿಜ. ಅಂದರೆ ಒಂದು ಬಡಿತಕ್ಕೆ ಸಿಗೋದು ಅರ್ಧ ಸೆಕೆಂಡು. ಅಷ್ಟರಲ್ಲೇ ಹೃದಯ ಹಿಂಡಬೇಕು, ಸಡಿಲವಾಗಬೇಕು, ರಕ್ತ ತುಂಬಿಕೊಳ್ಳಬೇಕು. ಹಿಂಡುವುದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಬೆರಗು ಹುಟ್ಟಿಸೋದು ಸಡಿಲವಾಗೋದು.

ಎರಡಕ್ಕೂ ಯಜಮಾನ ಕ್ಯಾಲ್ಸಿಯಂ. ನಮ್ಮ ಬೋರ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಅಂಟುತ್ತದಲ್ಲ, ಅದರಲ್ಲಿರುವುದೇ. ಬರೀ ಉಪ್ಪಿಗೆ ಹೃದಯ ಬಗ್ಗುವುದಿಲ್ಲ. 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟಿದ್ದರು. ಆಮೇಲೆ ಗೊತ್ತಾಯಿತು, ಆ ದ್ರಾವಣ ಮಾಡಿದ್ದು ನಲ್ಲಿ ನೀರಿನಲ್ಲಿ! ಬಟ್ಟಿ ಇಳಿಸಿದ ನೀರು ಬಳಸಿದರೆ ಹೃದಯ ನಿಂತೇ ಹೋಗುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅಷ್ಟು ದಿನ ಸುಮ್ನೆ ಕೆಲಸ ಮಾಡಿತ್ತು.

ಹೃದಯದ ಕೋಶದೊಳಗೆ ಪೊರೆಯ ಒಂದು ಚೀಲ ಇದೆ. ಅದು ನಮ್ಮ ತುಂಗಭದ್ರಾ ಡ್ಯಾಮು ಅಂದುಕೊಳ್ಳಿ. ಗೇಟು ತೆರೆದರೆ ಕ್ಯಾಲ್ಸಿಯಂ ನುಗ್ಗುತ್ತದೆ, ಸ್ನಾಯು ಹಿಂಡುತ್ತದೆ. ಇಲ್ಲಿವರೆಗೆ ಸಲೀಸು. ಈಗ ಸ್ನಾಯು ಸಡಿಲವಾಗಬೇಕಾದರೆ ಗದ್ದೆಗೆ ಬಿಟ್ಟ ನೀರಿನ ಬಹುಪಾಲನ್ನು ವಾಪಸ್ ಡ್ಯಾಮಿಗೆ ಹತ್ತಿಸಬೇಕು! ಯಾವ ರೈತ ಒಪ್ಪುತ್ತಾನೆ? ಹೃದಯ ಇದನ್ನು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಾಡುತ್ತದೆ. ಚೀಲದ ಪೊರೆಯಲ್ಲಿ ಪಂಪುಗಳಿವೆ. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಸುಟ್ಟರೆ ಎರಡು ಕ್ಯಾಲ್ಸಿಯಂ ಒಳಗೆ.

ಪಂಪಿನ ಪಕ್ಕ ಫಾಸ್ಫೊಲ್ಯಾಂಬನ್ ಎಂಬ ಪುಟ್ಟ ಪ್ರೊಟೀನು ಕೂತಿರುತ್ತದೆ. ಬರೀ 52 ಮಣಿಗಳ ಸರ, ಒಂದೊಂದು ಮಣಿಯೂ ಒಂದು ಅಮೈನೊ ಆಮ್ಲ. 1970ರ ದಶಕದಲ್ಲಿ ಆರ್ನಾಲ್ಡ್ ಕಾಟ್ಜ್, ಮಿಚಿಹಿಕೊ ತಾದಾ ಮತ್ತು ಅವರ ಜೊತೆಗಾರರು ಇದನ್ನು ಗುರುತಿಸಿದರು. ಇದರ ಕೆಲಸ ಪಂಪನ್ನು ತಡೆಹಿಡಿಯೋದು. ಎತ್ತಿನ ಮೂಗುದಾರ ಇದ್ದಂತೆ. ಬೈಕಿನ ಬ್ರೇಕ್ ಲೈನರ್ ಚಕ್ರಕ್ಕೆ ಉಜ್ಜಿಕೊಂಡೇ ಇದ್ದಂತೆ ಅಂದರೆ ಇನ್ನೂ ಸರಿ, ಯಾಕಂದರೆ ಗಾಡಿ ಓಡುತ್ತದೆ, ಆದರೆ ಎಳೆದುಕೊಂಡು. ಸರದ 16ನೇ ಮಣಿಗೆ ಫಾಸ್ಫೇಟಿನ ಒಂದು ಚೂರು ಅಂಟಿದರೆ ಲೈನರ್ ಬಿಡುತ್ತದೆ. ಹೆದರಿದಾಗ ಅಡ್ರಿನಲಿನ್ ಮಾಡಿಸೋದು ಇದನ್ನೇ.

ಪಕ್ಕದ 17ನೇ ಮಣಿಯ ಕಥೆ ಇನ್ನೂ ಮಜಾ. ಅಲ್ಲಿ ಫಾಸ್ಫೇಟ್ ಅಂಟಿಸುವ ಕಿಣ್ವವನ್ನು ಎಬ್ಬಿಸೋದು ಕ್ಯಾಲ್ಸಿಯಮ್ಮೇ. ಕ್ಯಾಲ್ಮೊಡ್ಯುಲಿನ್ ಎಂಬ ಪ್ರೊಟೀನು ನಾಲ್ಕು ಕ್ಯಾಲ್ಸಿಯಂ ಹಿಡಿದು ಹೋಗಿ ಆ ಕಿಣ್ವದ ಬಾಗಿಲು ತಟ್ಟುತ್ತದೆ. ಗದ್ದೆಗೆ ನೀರು ಜಾಸ್ತಿ ಬಂದರೆ ಆ ನೀರೇ ಹೋಗಿ ಪಂಪಿನ ಬ್ರೇಕ್ ಬಿಡಿಸಿದ ಹಾಗೆ! ಈ ಕಿಣ್ವದ್ದು ಹನ್ನೆರಡು ಜನರ ಗುಂಪು. ಒಮ್ಮೆ ಎದ್ದರೆ ಒಬ್ಬರಿಗೊಬ್ಬರು ಫಾಸ್ಫೇಟ್ ಅಂಟಿಸಿಕೊಂಡು, ಕ್ಯಾಲ್ಸಿಯಂ ಇಳಿದ ಮೇಲೂ ಸ್ವಲ್ಪ ಹೊತ್ತು ಎಚ್ಚರ ಇರುತ್ತಾರೆ.

ಅತಿಯಾದರೆ ಅಪಾಯ. ಈ ಕಿಣ್ವ ಡ್ಯಾಮಿನ ಗೇಟುಗಳಿಗೂ ಫಾಸ್ಫೇಟ್ ಅಂಟಿಸುತ್ತದೆ. ಆಗ ಗೇಟು ಸೋರಿ ಬಡಿತದ ಲಯ ತಪ್ಪಬಹುದು. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ಕಡಿದಾಗ ನದಿಗೆ ಹರಿದುಹೋದ ನೀರು ನೋಡಿ ನಮಗೆಲ್ಲ ಹೊಟ್ಟೆ ಉರಿದಿತ್ತು, ಅಲ್ವಾ?

ಅಂಟಿದ ಫಾಸ್ಫೇಟನ್ನು ಕಿತ್ತು ತೆಗೆಯಲು ಬೇರೆ ಕಿಣ್ವಗಳಿವೆ. ಅಡ್ರಿನಲಿನ್ ಇಳಿದಂತೆ ಅವುಗಳ ಕೈ ಮೇಲಾಗುತ್ತದೆ, ಲೈನರ್ ಮತ್ತೆ ಕಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು ಎಣಿಸಿದೆ: 78. ಅಷ್ಟರಲ್ಲಿ ಅತ್ತೆ ನಿವಾಳಿಸಿದ ಉಪ್ಪು, ಮೆಣಸಿನಕಾಯಿಯನ್ನು ಒಲೆಗೆ ಹಾಕಿಯಾಗಿತ್ತು.

"ನೋಡ, ಒಂಚೂರೂ ಘಾಟ ಬರಲಿಲ್ಲ. ಎಷ್ಟ ದೃಷ್ಟಿ ಆಗಿತ್ತ ನಿನಗ!"