ಗುಲಾಬಿ ಬಣ್ಣ ಬಂದಿದ್ದು ರಕ್ತದಿಂದಲಾ, ಟ್ಯೂಬಿನಿಂದಲಾ? ಎಂಡಿಎ ಟೆಸ್ಟ್ ಕಲಿಯುವವರಿಗೆ

ಮಳೆಗಾಲಕ್ಕೆಂದು ಡಬ್ಬಿಯಲ್ಲಿ ತುಂಬಿಟ್ಟ ಹಲಸಿನ ಚಿಪ್ಸ್ ಹಳೆಯದಾದರೆ ಕಮಟು ವಾಸನೆ ಬರುತ್ತದೆ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಟ್ಟಿರುತ್ತದೆ. ನಮ್ಮ ಜೀವಕೋಶದ ಪೊರೆಯಲ್ಲೂ ಕೊಬ್ಬು ಇದೆ ಅಲ್ವಾ? ಫ್ರೀ ರ‍್ಯಾಡಿಕಲ್‌ಗಳು (ಪಕ್ಕದ ಅಣುಗಳನ್ನು ಕೆಡಿಸುವ ಚುರುಕು ಅಣುಗಳು) ಜಾಸ್ತಿಯಾಗಿ, ಅವನ್ನು ತಡೆಯುವ ಶಕ್ತಿ ಸಾಲದೆ ಹೋದರೆ ಆ ಕೊಬ್ಬಿಗೂ ಇದೇ ಗತಿ. ಇದೇ ಆಕ್ಸಿಡೇಟಿವ್ ಸ್ಟ್ರೆಸ್. 1985ರಲ್ಲಿ ಹೆಲ್ಮುಟ್ ಸೀಸ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೊಂದು ಸ್ಪಷ್ಟ ಅರ್ಥ ಕೊಟ್ಟರು.

ಫ್ರೀ ರ‍್ಯಾಡಿಕಲ್ ಹುಟ್ಟಿದ ಕ್ಷಣದಲ್ಲೇ ಮಾಯ. ಹಿಡಿದು ಅಳೆಯೋದು ಬಹಳ ಕಷ್ಟ. ರಾತ್ರಿ ತೋಟಕ್ಕೆ ಕಾಡುಹಂದಿ ಬಂದಿದ್ದು ಬೆಳಿಗ್ಗೆ ಕೆದರಿದ ಮಣ್ಣು ನೋಡಿ ಗೊತ್ತಾಗುತ್ತದಲ್ಲ, ಹಾಗೆ ಇಲ್ಲೂ ಗುರುತು ಹುಡುಕಬೇಕು. ಆ ಗುರುತೇ ಬಯೋಮಾರ್ಕರ್. ಡಿಎನ್‌ಎಗೆ ಪೆಟ್ಟು ಬಿದ್ದರೆ 8-ಓಎಚ್‌ಡಿಜಿ, ಪ್ರೋಟೀನಿಗೆ ಬಿದ್ದರೆ ಕಾರ್ಬೊನಿಲ್, ಕೊಬ್ಬಿಗೆ ಬಿದ್ದರೆ ಎಂಡಿಎ, ಅಂದರೆ ಮಾಲೋನ್‌ಡೈಆಲ್ಡಿಹೈಡ್.

ಎಂಡಿಎ ಟೆಸ್ಟ್ ನೋಡೋಕೆ ಸುಲಭ. ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವವೇ ಪ್ಲಾಸ್ಮಾ. ಅದಕ್ಕೆ ಆಮ್ಲ ಮತ್ತು ಥಯೋಬಾರ್ಬಿಟ್ಯೂರಿಕ್ ಆಸಿಡ್ (ಟಿಬಿಎ) ಹಾಕಿ, 95 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಕಾಯಿಸಬೇಕು. ಒಂದು ಎಂಡಿಎ ಎರಡು ಟಿಬಿಎ ಜೊತೆ ಕೂಡಿ ಗುಲಾಬಿ ಬಣ್ಣ ಬರುತ್ತದೆ. 532 ನ್ಯಾನೋಮೀಟರ್‌ನಲ್ಲಿ ಆ ಬಣ್ಣ ಎಷ್ಟು ಬೆಳಕು ಹೀರುತ್ತದೆ ಎಂದು ರೀಡಿಂಗ್ ತೆಗೆಯಬೇಕು. ತಿಂಡಿಯ ಎಣ್ಣೆ ಕೆಟ್ಟಿದೆಯಾ ಎಂದು ನೋಡಲೂ ಇದೇ ಟೆಸ್ಟ್ ಬಳಸುತ್ತಾರೆ.

ನಾನು ಎಡವಿದ್ದು ಇಲ್ಲೇ. ಹೊಸನಗರ ಕಡೆಯ ಒಂದು ಹಳ್ಳಿಯಿಂದ ರಕ್ತದ ಟ್ಯೂಬುಗಳನ್ನು ಸೆಂಟ್ರಿಫ್ಯೂಜ್ ಮಾಡದೆ (ಅಂದರೆ ಜೋರಾಗಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸದೆ) ಹಾಗೇ ಜೀಪಿನಲ್ಲಿ ಶಿವಮೊಗ್ಗಕ್ಕೆ ತಂದೆವು. ದಾರಿಯುದ್ದಕ್ಕೂ ಕುಲುಕಾಟ. ಇಲ್ಲಿ ತಿರುಗಿಸಿ ನೋಡಿದರೆ, ತೆಳು ಹಳದಿಯಾಗಿರಬೇಕಾದ ಪ್ಲಾಸ್ಮಾ ಮುರುಗಲು ಶರಬತ್ತಿನ ಹಾಗೆ ಕೆಂಪಗಿತ್ತು. ಟೆಸ್ಟ್ ಮಾಡಿದರೆ ಎಂಡಿಎ ವಿಪರೀತ. ಈ ಜನಕ್ಕೆ ಏನಾಗಿದೆಯೋ ಅಂತ ಗಾಬರಿಯಾಯಿತು.

ನಂತರ ನನ್ನದೇ ರಕ್ತ ತೆಗೆಸಿ ಎರಡು ಟ್ಯೂಬಿಗೆ ಹಂಚಿದೆ. ಒಂದನ್ನು ಐಸ್‌ನಲ್ಲಿಟ್ಟು ಅರ್ಧ ಗಂಟೆಯೊಳಗೆ ತಿರುಗಿಸಿದೆ. ಇನ್ನೊಂದನ್ನು ಚೆನ್ನಾಗಿ ಕುಲುಕಿ ಸಂಜೆಯವರೆಗೂ ಮೇಜಿನ ಮೇಲೆ ಬಿಟ್ಟೆ. ಒಬ್ಬಳದೇ ರಕ್ತ, ಒಂದೇ ಹೊತ್ತು. ಆದರೂ ಎರಡನೆಯದರ ಗುಲಾಬಿ ಎದ್ದು ಕಾಣುವಷ್ಟು ಗಾಢ!

ಕಾರಣ ಇಷ್ಟು. ಕೆಂಪು ರಕ್ತಕಣ ಒಡೆದರೆ ಹೀಮೋಗ್ಲೋಬಿನ್ ಹೊರಬರುತ್ತದೆ. ಅದರ ಕಬ್ಬಿಣದಿಂದಾಗಿ ಕಾಯಿಸುವಾಗ ಟ್ಯೂಬಿನೊಳಗೇ ಹೊಸ ಎಂಡಿಎ ಹುಟ್ಟುತ್ತದೆ. ಹೀಮೋಗ್ಲೋಬಿನ್ನಿನ ಸ್ವಂತ ಬಣ್ಣವೂ 532ರ ಆಸುಪಾಸಿನಲ್ಲೇ ಬೆಳಕು ಹೀರುತ್ತದೆ. ಹಾಗಾಗಿ ಟಿಬಿಎ ಹಾಕದ ಒಂದು ಬ್ಲ್ಯಾಂಕ್ (ಅದರ ರೀಡಿಂಗ್ ಕಳೆಯಲು ಇಡುವ ಟ್ಯೂಬ್) ಪ್ರತಿ ಸ್ಯಾಂಪಲ್‌ಗೂ ಇಡಿ. ಕಾಯಿಸುವ ಮೊದಲೇ ಬಿಎಚ್‌ಟಿ ಸೇರಿಸಿ. ಅದು ಹೊಸದಾಗಿ ಕೊಬ್ಬು ಕೆಡುವುದನ್ನು ತಡೆಯುತ್ತದೆ. ರಕ್ತಕ್ಕೆ ಇಡಿಟಿಎ ಟ್ಯೂಬ್ ಒಳ್ಳೆಯದು, ಅದು ಬಿಡಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಇಷ್ಟೆಲ್ಲ ಮಾಡಿದರೂ ಸಕ್ಕರೆ, ಬಿಲಿರುಬಿನ್ ಕೂಡ ಟಿಬಿಎ ರೀಡಿಂಗ್ ಕೆಡಿಸಬಹುದು. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಗುಲಾಬಿ ಸಂಯುಕ್ತವನ್ನೇ ಬೇರ್ಪಡಿಸಿ ಅಳೆದರೆ ನಂಬಿಕೆ ಹೆಚ್ಚು.

ಫ್ರೀ ರ‍್ಯಾಡಿಕಲ್ ತಡೆಯುವ ಗ್ಲುಟಾಥಯೋನ್ (ಜಿಎಸ್‌ಎಚ್) ಅಳೆಯೋದು ಇನ್ನೂ ನಾಜೂಕು. ರಕ್ತಕಣದೊಳಗೆ ಅದು ಪ್ಲಾಸ್ಮಾಕ್ಕಿಂತ ನೂರಾರು ಪಟ್ಟು ಜಾಸ್ತಿ. ಸ್ವಲ್ಪ ಕಣ ಒಡೆದರೂ ಪ್ಲಾಸ್ಮಾದ ಲೆಕ್ಕ ಹೋಯಿತು. ರಕ್ತ ತೆಗೆದ ಕೂಡಲೇ ಅದನ್ನು ಹಿಡಿದಿಡುವ ರಾಸಾಯನಿಕ ಎನ್‌ಇಎಂ ಹಾಕದಿದ್ದರೆ ಜಿಎಸ್‌ಎಚ್ ತಾನಾಗಿಯೇ ಆಕ್ಸಿಡೈಸ್ ಆಗಿ ಜಿಎಸ್‌ಎಸ್‌ಜಿ ಆಗುತ್ತದೆ.

ಹೊಸ ಟೆಸ್ಟ್ ಕಟ್ಟುವಾಗ ನಾನು ಮೊದಲು ನೋಡುವುದು ರಿಕವರಿ. ಗೊತ್ತಿರುವಷ್ಟು ಸ್ಟ್ಯಾಂಡರ್ಡನ್ನು (ಅಳೆಯಬೇಕಾದ ವಸ್ತುವಿನ ಶುದ್ಧ ರೂಪವನ್ನು) ಪ್ಲಾಸ್ಮಾಕ್ಕೆ ಸೇರಿಸಿ, ಅಷ್ಟೂ ವಾಪಸ್ ಸಿಗುತ್ತದಾ ನೋಡುವುದು. ಸಿಗದಿದ್ದರೆ ಸ್ಟ್ಯಾಂಡರ್ಡ್ ಕರ್ವ್ (ಪ್ರಮಾಣಕ್ಕೆ ತಕ್ಕ ರೀಡಿಂಗ್ ತೋರಿಸುವ ಗೆರೆ) ಎಷ್ಟು ನೇರವಾಗಿದ್ದರೂ ಪ್ರಯೋಜನವಿಲ್ಲ. ಆಮೇಲೆ ಒಂದೇ ಸ್ಯಾಂಪಲನ್ನು ಒಂದೇ ದಿನ ಹಲವು ಸಲ, ಬೇರೆ ಬೇರೆ ದಿನವೂ ಅಳೆದು ಸಿವಿ, ಅಂದರೆ ರೀಡಿಂಗ್ ಶೇಕಡಾ ಎಷ್ಟು ಏರುಪೇರಾಗುತ್ತದೆ ಎಂದು, ಲೆಕ್ಕ ಹಾಕಿ. ಸ್ಯಾಂಪಲ್ ಮೈನಸ್ 80 ಡಿಗ್ರಿಯಲ್ಲಿರಲಿ. ಮೈನಸ್ 20ರಲ್ಲೂ ಕೊಬ್ಬು ನಿಧಾನಕ್ಕೆ ಕೆಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೋ! ಅದಕ್ಕೆ ಫ್ರೀಜರ್ ತಾಪಮಾನ ಬರೆಯುವ ಪುಸ್ತಕ ಬೇಕೇ ಬೇಕು.

ಈಗ ಸಣ್ಣ ಸೆಂಟ್ರಿಫ್ಯೂಜನ್ನೇ ಹಳ್ಳಿಗೆ ಒಯ್ಯುತ್ತೇವೆ. ಪ್ಲಾಸ್ಮಾವನ್ನು ಅಲ್ಲೇ ಬೇರ್ಪಡಿಸಿ, ಟ್ಯೂಬಿನ ಮೇಲೆ ಸಮಯ ಬರೆದು, ಐಸ್ ಪೆಟ್ಟಿಗೆಯಲ್ಲಿ ತರುತ್ತೇವೆ. ಮೊದಲ ಸಲದ ರೀಡಿಂಗ್ ಪೂರ್ತಿ ಕೈಬಿಟ್ಟು, ಅದೇ ಮನೆಗಳಿಗೆ ಹೋಗಿ ತಪ್ಪು ಹೇಳಿಕೊಂಡು ಮತ್ತೆ ರಕ್ತ ಕೇಳಿದೆವು. ಅವರು ಕೊಟ್ಟರು.